ಎಡಕ್ಕೆ ತಿರುಗಿದ ಬುಟ್ಟಿ

ನಮ್ಮ ಮನೆಯಲ್ಲಿ ಜಾಗ ಮೊದಲು ಬಿದಿರಿಗೆ, ಆಮೇಲೆ ಮನುಷ್ಯರಿಗೆ. ಮನೆ ಎಂದರೆ ಉದ್ದನೆಯ ಒಂದೇ ಕೋಣೆ, ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಕಾಡಿನಿಂದ ಗಾಡಿಯಲ್ಲಿ ಬರುತ್ತಿದ್ದ ಬಿದಿರಿನ ಗಳಗಳು ಆ ಕೋಣೆಗಿಂತ ಉದ್ದವಾಗಿರುತ್ತಿದ್ದವು. ಬಿಸಿಲಿಗೆ ಬಿಟ್ಟರೆ ಒಣಗಿ ಸೀಳಲು ಬರುವುದಿಲ್ಲವೆಂದು ಅಪ್ಪ ಎರಡೂ ಬಾಗಿಲು ತೆಗೆಸಿ, ತುದಿ ಬೀದಿಗೆ, ಬುಡ ಹಿತ್ತಿಲಿಗೆ ಚಾಚುವ ಹಾಗೆ ಅವನ್ನು ಮನೆಯ ನಡುವೆಯೇ ಮಲಗಿಸುತ್ತಿದ್ದ. ಗಳಗಳ ಈ ಬದಿ ಅಪ್ಪ ಮತ್ತು ನಾನು. ಆ ಬದಿ ಒಲೆ, ಅವ್ವ, ಅಕ್ಕ. ಸೀಳದ ಬಿದಿರನ್ನು ದಾಟಬಾರದು, ದಾಟಿದರೆ ಸೀಳುವಾಗ ಕತ್ತಿ ದಾರಿ ತಪ್ಪುತ್ತದೆ ಎಂಬುದು ಅಪ್ಪನ ನಂಬಿಕೆ. ಹಾಗಾಗಿ ಇನ್ನೊಂದು ಸೌಟು ಸಾರು ಬೇಕೆಂದರೆ ತಟ್ಟೆ ಹಿಡಿದು ಬೀದಿಗಿಳಿದು, ಬಿದಿರಿನ ತುದಿಗೆ ಸುತ್ತು ಹಾಕಿ, ಅದೇ ಬಾಗಿಲಿನ ಇನ್ನೊಂದು ಪಕ್ಕದಿಂದ ಒಳಗೆ ಬರಬೇಕಿತ್ತು. ನಮ್ಮ ಮನೆಯಲ್ಲಿ ಇವತ್ತು ಏನು ಸಾರು, ಯಾರಿಗೆ ಎಷ್ಟು ಹಸಿವು ಎಂಬುದೆಲ್ಲ ಬೀದಿಗೆ ಗೊತ್ತಿರುತ್ತಿತ್ತು. ಊರು ಚಾಮರಾಜನಗರದ ಕಡೆಯದು. ಬೀದಿಯ ಹೆಸರು ಮೇದರ ಬೀದಿ. ಈ ಎರಡು ಸಣ್ಣ ವಾಕ್ಯಗಳನ್ನು ಬರೆಯಲು ನನಗೆ ಎಪ್ಪತ್ತಾರು ವರ್ಷ ತುಂಬಬೇಕಾಯಿತು.

ನಾವು ಬುಟ್ಟಿ ಹೆಣೆಯುವವರು. ಬುಟ್ಟಿ, ಮೊರ, ಕುಕ್ಕೆ, ಕೋಳಿ ಮುಚ್ಚುವ ಪಂಜರ, ಮಗು ಮಲಗಿಸುವ ತೊಟ್ಟಿಲು, ಕಾಳು ತುಂಬುವ ಕಣಜ. ಬಿದಿರಿನ ಸಿಬಿರು ಮನೆಯ ಎಲ್ಲೆಲ್ಲೂ ಇರುತ್ತಿತ್ತು: ಕಂಬಳಿಯಲ್ಲಿ, ತಲೆಗೂದಲಲ್ಲಿ, ಒಮ್ಮೊಮ್ಮೆ ರಾಗಿ ಮುದ್ದೆಯಲ್ಲೂ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಅದು ಗಂಟಲಿಗೆ ಸಿಕ್ಕೀತೆಂದು ಅವ್ವ ಪ್ರತಿ ಮುದ್ದೆಯನ್ನೂ ಅಂಗೈಯಲ್ಲಿ ಎರಡೆರಡು ಸಲ ಉರುಳಿಸಿ, ಬೆರಳಲ್ಲಿ ಒತ್ತಿ ನೋಡಿ ತಟ್ಟೆಗೆ ಹಾಕುತ್ತಿದ್ದಳು. ಗೌರಿ ಹಬ್ಬದ ಮುಂಚಿನ ತಿಂಗಳು ಊರಿನ ಎಲ್ಲ ಮನೆಗಳ ಬಾಗಿನಕ್ಕೂ ನಮ್ಮ ಬೀದಿಯಿಂದಲೇ ಮೊರ ಹೋಗಬೇಕು. ಆಗ ಒಲೆ ಹಚ್ಚಲೂ ಯಾರಿಗೂ ಬಿಡುವಿರುತ್ತಿರಲಿಲ್ಲ. ನೆನೆ ಹಾಕಿದ ಅವಲಕ್ಕಿಗೆ ಬೆಲ್ಲ ಕಲಸಿ ಹೆಣೆಯುತ್ತಲೇ ತಿನ್ನುತ್ತಿದ್ದೆವು. ಊರಿನ ಹೆಂಗಸರಿಗೆಲ್ಲ ಮೊರ ಹೊಂದಿಸಿದ ಮೇಲೆ ನಮ್ಮ ಮನೆಯ ಗೌರಿಗೇ ಮೊರ ಉಳಿಯುತ್ತಿರಲಿಲ್ಲ. ಅವ್ವ ಪ್ರತಿ ವರ್ಷ ಹಳೆಯ ಮೊರವನ್ನೇ ತೊಳೆದು, ಅರಿಶಿನ ಬಳಿದು ಇಡುತ್ತಿದ್ದಳು.

ಸಂಜೆಯ ಊಟಕ್ಕೆ ಮುಂಚೆ ಪ್ರತಿಯೊಬ್ಬರೂ ತಮ್ಮ ಪಾಲಿನ ಬುಟ್ಟಿಗಳನ್ನು ಅಪ್ಪನ ಮುಂದಿಡಬೇಕಿತ್ತು. ನನ್ನ ಪಾಲು ಎರಡು. ಅಪ್ಪ ಬುಟ್ಟಿಯನ್ನು ಕಣ್ಣಿಂದ ನೋಡುತ್ತಿರಲಿಲ್ಲ. ತೊಡೆಯ ಮೇಲಿಟ್ಟು, ಬೀದಿಯ ಕಡೆಗೋ ಸೂರಿನ ಕಡೆಗೋ ನೋಡುತ್ತ, ಹೆಬ್ಬೆರಳನ್ನು ಅದರ ಮೈಮೇಲೆ ಒಂದು ಸುತ್ತು ಆಡಿಸುತ್ತಿದ್ದ. ಅಷ್ಟರಲ್ಲಿ ಅದನ್ನು ಹೆಣೆದವರು ಯಾರು, ಎಲ್ಲಿ ಆತುರಪಟ್ಟರು, ಎಲ್ಲಿ ಎದ್ದು ನೀರು ಕುಡಿಯಲು ಹೋದರು ಎಂದು ಹೇಳಿಬಿಡುತ್ತಿದ್ದ.

ಅಕ್ಕ ತಾಯಮ್ಮ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಎಡಚಿ. ನಮ್ಮ ಕಸುಬಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಬಲಗೈಯವರು ಹೆಣೆಯುವಾಗ ಸೀಳು ಎಡದಿಂದ ಬಲಕ್ಕೆ ಓಡುತ್ತದೆ. ಅಕ್ಕನದು ಬಲದಿಂದ ಎಡಕ್ಕೆ. ಒಬ್ಬಳೇ ಕೂತು ಬುಟ್ಟಿ ಮಾಡಿದರೆ ತೊಂದರೆಯಿಲ್ಲ, ಕೊಳ್ಳುವವರು ಯಾರೂ ಅದನ್ನು ಗಮನಿಸುವುದಿಲ್ಲ. ಆದರೆ ಕಣಜ ಹೆಣೆಯಲು ನಾಲ್ಕು ಜನ ಸುತ್ತಲೂ ಕೂರಬೇಕು, ಒಬ್ಬರು ತಂದ ಸೀಳನ್ನು ಪಕ್ಕದವರು ಎತ್ತಿಕೊಂಡು ಮುಂದಕ್ಕೆ ಒಯ್ಯಬೇಕು. ಆ ಸುತ್ತಿನಲ್ಲಿ ಅಕ್ಕನಿಗೆ ಜಾಗವಿರಲಿಲ್ಲ. ಅಪ್ಪ, ಅವ್ವ, ಚಿಕ್ಕಪ್ಪ, ನಾನು ಮಾತಾಡಿಕೊಂಡು ನಗುತ್ತ ಕಣಜ ಎಬ್ಬಿಸುತ್ತಿದ್ದರೆ ಅವಳು ಹಿಂದಿನ ಗೋಡೆಗೆ ಒರಗಿ, ತನ್ನ ಬುಟ್ಟಿಯನ್ನು ತನ್ನ ದಿಕ್ಕಿಗೆ ತಿರುಗಿಸುತ್ತ ಒಬ್ಬಳೇ ಕೂರುತ್ತಿದ್ದಳು. ಚಿಕ್ಕಪ್ಪ ಛೇಡಿಸುತ್ತಿದ್ದ.

"ತಾಯಿ, ನಿನ್ನ ಮದ್ವೆ ದಿನ ಎಲ್ರೂ ಬಲಕ್ಕೆ ಸುತ್ತುದ್ರೆ ನೀನೊಬ್ಳು ಎಡಕ್ಕೆ ಸುತ್ತೀಯ ನೋಡು. ಗಂಡು ಎದ್ರು ಬಂದು ಡಿಕ್ಕಿ ಹೊಡೀತನೆ."

"ಹೊಡೀಲಿ ಬುಡು ಚಿಕ್ಕಪ್ಪ, ಮೊಕನಾರ ಸರಿಯಾಗ್ ಕಾಣ್ತದೆ," ಎನ್ನುತ್ತಿದ್ದಳು ಅಕ್ಕ.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಜಗಳ ಶುರುವಾಯಿತು. ಪಾಠ ಓದುತ್ತ ಕೂತರೆ ಬುಟ್ಟಿ ಆಗುವುದಿಲ್ಲ, ಬುಟ್ಟಿ ಹೆಣೆದರೆ ಪಾಠ ಆಗುವುದಿಲ್ಲ. ಓದು ಬಿಡಿಸುವುದೆಂದು ಅಪ್ಪ ತೀರ್ಮಾನಿಸಿದ್ದ. ಒಂದು ದಿನ ಅಪ್ಪ ಸಂತೆಯಿಂದ ಬರುವಷ್ಟರಲ್ಲಿ ಅಕ್ಕ ನನ್ನ ಪಾಲಿನ ಎರಡು ಬುಟ್ಟಿಗಳನ್ನು ತಾನೇ ಹೆಣೆದಿಟ್ಟಳು. ಅಪ್ಪನ ಹೆಬ್ಬೆರಳು ಅರ್ಧ ಸುತ್ತೂ ಹೋಗಲಿಲ್ಲ.

"ಇದು ಎಡಕ್ಕೆ ಓಡ್ತಾ ಅದೆ. ಯಾರ್ಗ್ಲಾ ಟೋಪಿ ಹಾಕ್ತೀರಿ?"

ಅವತ್ತು ಇಬ್ಬರಿಗೂ ಬೈಗುಳವೇ ಊಟ. ಮಾರನೆಯ ದಿನದಿಂದ ಅಕ್ಕ ಹಿತ್ತಿಲಿನಲ್ಲಿ ಬಲಗೈಯಿಂದ ಹೆಣೆಯುವುದನ್ನು ಕಲಿಯತೊಡಗಿದಳು. ಹಸಿ ಸೀಳಿನ ಅಂಚು ಬ್ಲೇಡಿನಂತಿರುತ್ತದೆ. ಪಳಗದ ಬೆರಳನ್ನು ಅದು ಸುಮ್ಮನೆ ಬಿಡುವುದಿಲ್ಲ. ಗಾಯಕ್ಕೆ ಅರಿಶಿನ ಮೆತ್ತಿಕೊಂಡು, ಬಟ್ಟೆ ಸುತ್ತಿಕೊಂಡು, ಒಂದು ತಿಂಗಳ ಮೇಲೆ ಅವಳು ನನ್ನ ಕೈಯಂತೆಯೇ ಹೆಣೆಯಲು ಕಲಿತಳು. ನನ್ನ ಕೈಯಲ್ಲಿ ಆಗುತ್ತಿದ್ದ ತಪ್ಪುಗಳನ್ನೂ ಅಲ್ಲಲ್ಲೇ ಮಾಡುತ್ತಿದ್ದಳು. ಅಪ್ಪನ ಹೆಬ್ಬೆರಳು ಸುತ್ತು ಬಂದು ನಿಂತಿತು. ಅವನು ಬುಟ್ಟಿಯನ್ನು ರಾಶಿಗೆ ಸೇರಿಸಿದ. ಮೂರು ವರ್ಷ ಅವಳು ತನ್ನ ಪಾಲನ್ನು ಎಡಗೈಯಿಂದಲೂ ನನ್ನ ಪಾಲನ್ನು ಬಲಗೈಯಿಂದಲೂ ಹೆಣೆದಳು. ನಾನು ಗೋಡೆಯ ನೆರಳಿನಲ್ಲಿ ಕೂತು ಓದಿ ಹತ್ತನೆಯ ತರಗತಿ ಮುಗಿಸಿದೆ. ನನ್ನ ವಿದ್ಯೆ ಅಷ್ಟೇ. ಅಷ್ಟಾದರೂ ಆದದ್ದು ಅವಳಿಗೆ ಪರಕೀಯವಾದ ಆ ಬಲಗೈಯಿಂದ.

ಈಗ ತಪ್ಪೊಪ್ಪಿಗೆ. ಬೆಂಗಳೂರಿನಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಮನೆಯಲ್ಲಿ ಅಡುಗೆಗೆ ಸಹಾಯಕ್ಕೆ ಜನ ಬೇಕೆಂದು ಸುದ್ದಿ ಬಂದಾಗ ನಾನು ಹೊರಟೆ. ಅಕ್ಕ ಪ್ರಯಾಣಕ್ಕೆಂದು ಮುಚ್ಚಳವಿರುವ ಒಂದು ಬುಟ್ಟಿ ಹೆಣೆದುಕೊಟ್ಟಳು. ಬುಟ್ಟಿ ನನ್ನ ದಿಕ್ಕಿಗೆ ಓಡುತ್ತಿತ್ತು, ಮುಚ್ಚಳ ಅವಳ ದಿಕ್ಕಿಗೆ. ಎರಡೂ ಎಷ್ಟು ಬಿಗಿಯಾಗಿ ಕೂರುತ್ತಿದ್ದವೆಂದರೆ ತೆಗೆಯುವಾಗ ಬಾಟಲಿಯ ಬಿರಡೆ ಕಿತ್ತಂತೆ ಸದ್ದಾಗುತ್ತಿತ್ತು. ಬೆಂಗಳೂರಿನಲ್ಲಿ ಬಸ್ಸು ನಿಂತಿತು. ಬುಟ್ಟಿ ಹಿಡಿದು ಆ ಮನೆಯ ಮೆಟ್ಟಿಲು ಹತ್ತಿದರೆ ಎಲ್ಲಿಯವನು, ಯಾರ ಪೈಕಿ ಎಂದು ಕೇಳದೆಯೇ ತಿಳಿದುಬಿಡುತ್ತದೆ ಎನ್ನಿಸಿತು. ನನ್ನ ಎರಡು ಅಂಗಿ, ಒಂದು ಪಂಚೆ ತೆಗೆದು ಕಾಗದದಲ್ಲಿ ಸುತ್ತಿಕೊಂಡೆ. ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳಿ ಇಳಿದೆ. ಕಂಡಕ್ಟರು ಕೂಗಿ ಕರೆದರು. ತಿರುಗಿ ನೋಡಲಿಲ್ಲ.

ಆ ಮನೆಯಲ್ಲಿ ನಮ್ಮಪ್ಪ ಟಿಂಬರ್ ವ್ಯಾಪಾರಿ ಎಂದೆ. ಬಿದಿರೂ ಕಾಡಿನದೇ ತಾನೇ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಒಡಹುಟ್ಟಿದವರು ಯಾರೂ ಇಲ್ಲ ಎಂದೆ. ಅದಕ್ಕೆ ಯಾವ ಸಮಾಧಾನವೂ ಸಿಗಲಿಲ್ಲ, ಆದರೂ ಅಂದೆ. ಅಧಿಕಾರಿಗೆ ವಾಷಿಂಗ್ಟನ್ನಿಗೆ ವರ್ಗವಾದಾಗ ಜೊತೆಯಲ್ಲಿ ಕರೆತಂದರು. ಅವರು ವಾಪಸು ಹೋದರು, ನಾನು ಇಲ್ಲೇ ಉಳಿದು ರಾಕ್‌ವಿಲ್ಲಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಹಿಡಿದೆ. ಮೈಸೂರಿನ ಲಲಿತಳನ್ನು ಮದುವೆಯಾಗುವಾಗ ಅವರ ಮನೆಯವರಿಗೂ ಅದೇ ಟಿಂಬರ್, ಅದೇ ಒಂಟಿ ಮಗ. ಅಕ್ಕ ಯಾರಿಂದಲೋ ಬರೆಸಿದ ಕಾಗದಗಳು ಬೆಂಗಳೂರಿನ ಆ ಮನೆಯ ವಿಳಾಸಕ್ಕೆ ಎರಡು ವರ್ಷ ಬಂದಿದ್ದವು. ಅಪ್ಪ ಹೋದದ್ದೂ ಅವ್ವ ಹೋದದ್ದೂ ಅವುಗಳಲ್ಲೇ ತಿಳಿಯಿತು. ಒಂದಕ್ಕೂ ಉತ್ತರ ಬರೆಯಲಿಲ್ಲ. ಲಲಿತ ತೀರಿಕೊಂಡು ಈಗ ಆರು ವರ್ಷ. ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಇದೊಂದನ್ನು ಇನ್ನು ಸರಿಪಡಿಸಲು ಬರುವುದಿಲ್ಲ.

ನಾನೀಗ ಇರುವುದು ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ, ಮಗಳು ಸುಧಾಳ ಮನೆಯಲ್ಲಿ. ಅವಳು ಗಿಡಗಳ ರೋಗ ಪರೀಕ್ಷಿಸುವ ಲ್ಯಾಬಿನಲ್ಲಿದ್ದಾಳೆ. ಮೊಮ್ಮಗಳು ಮೀರಾಳಿಗೆ ಒಂಬತ್ತು ವರ್ಷ. ಅವಳೂ ಎಡಚಿ. ಊಟಕ್ಕೆ ಕೂತಾಗಲೆಲ್ಲ "ಬಲಗೈ, ಬಲಗೈ" ಎಂದು ನಾನು ಗದರುತ್ತಿದ್ದೆ. ಸಂಪ್ರದಾಯಕ್ಕಾಗಿ ಎಂದು ಮನೆಯವರು ತಿಳಿದಿದ್ದರು. ಆ ಕೈ ತಟ್ಟೆಗೆ ಹೋದಾಗಲೆಲ್ಲ ನನಗೆ ಹಿಂದಿನ ಗೋಡೆಗೆ ಒರಗಿ ಕೂತವಳು ಕಾಣುತ್ತಿದ್ದಳು, ಅದಕ್ಕಾಗಿ ಗದರುತ್ತಿದ್ದೆ.

ಕೊರೋನ ಬಂದು ಎಲ್ಲರೂ ಮನೆಯಲ್ಲೇ ಉಳಿದ ದಿನಗಳಲ್ಲಿ ಪಕ್ಕದ ಮನೆಯ ಡಾರತಿ ತನ್ನ ಡ್ರೈವ್‌ವೇಯಲ್ಲಿ ಮಡಚುವ ಮೇಜು ಹಾಕಿಕೊಂಡು ಕೂರತೊಡಗಿದಳು. ಎಂಬತ್ತು ದಾಟಿದ ಹೆಂಗಸು, ಉತ್ತರ ಕೆರೊಲೈನಾದಲ್ಲಿ ಬೆಳೆದವಳು. ತನ್ನ ವಂಶದ ಚರಿತ್ರೆ ಹುಡುಕುತ್ತಿದ್ದಳು. ಮೇಜಿನ ತುಂಬ ಇಂಗ್ಲೆಂಡಿನ ಚರ್ಚುಗಳಿಂದ ತರಿಸಿದ ಹಳೆಯ ದಾಖಲೆಗಳ ನಕಲು. ನಾನು ವಾಕಿಂಗಿಗೆ ಹೊರಟಾಗ ಆರಡಿ ದೂರದಿಂದ ಕೂಗಿ ಕರೆಯುತ್ತಿದ್ದಳು. ಅವಳ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಮಹದೇವ್, ಬನ್ನಿ ಇಲ್ಲಿ! ನಮ್ಮ ಮನೆತನ ಏಳು ತಲೆಮಾರು ಬುಟ್ಟಿ ಹೆಣೆದವರು. ನೋಡಿ, ಪ್ರತಿ ಹೆಸರಿನ ಮುಂದೂ ಬುಟ್ಟಿಯವನು, ಬುಟ್ಟಿಯವನು ಅಂತಲೇ ಬರೆದಿದ್ದಾರೆ. ಒಬ್ಬ ಮಾತ್ರ ಪಾದ್ರಿ ಆಗೋಕೆ ಹೋದ. ಅವನ ಬಗ್ಗೆ ನಾವು ಮಾತಾಡಲ್ಲ."

ಇಷ್ಟು ಹೇಳಿ ಎದೆಯುಬ್ಬಿಸಿ ನಕ್ಕಳು. ಬುಟ್ಟಿ ಹೆಣೆದವರ ಮೊಮ್ಮಗಳು ಎದೆಯುಬ್ಬಿಸಬಹುದು ಎಂಬುದು ನನಗೆ ಅವತ್ತೇ ಗೊತ್ತಾದದ್ದು. "ನಿಮ್ಮಪ್ಪ ಏನು ಮಾಡ್ತಿದ್ದರು?" ಎಂದು ಕೇಳಿದಳು. ನಾನು ಟಿಂಬರ್ ಎಂದೆ. ಬಾಯಿಗೆ ಅದೇ ರೂಢಿಯಾಗಿತ್ತು.

ಬೇಸಗೆ ಬರುವ ಹೊತ್ತಿಗೆ ಅವಳ ಹುಡುಕಾಟ ಒಂದು ಕಡೆ ಸಿಕ್ಕಿಹಾಕಿಕೊಂಡಿತು. ಅವಳಲ್ಲಿ ಕಪ್ಪಿಟ್ಟ ಒಂದು ಹಳೆಯ ಬುಟ್ಟಿಯಿತ್ತು. ಟಾಮಸ್ ಮತ್ತು ವಿಲಿಯಂ ಎಂಬ ಅಣ್ಣತಮ್ಮಂದಿರಲ್ಲಿ ಟಾಮಸ್ ಇಂಗ್ಲೆಂಡಿನಲ್ಲೇ ಉಳಿದವನು, ವಿಲಿಯಂ ಹಡಗು ಹತ್ತಿ ಕೆರೊಲೈನಾಕ್ಕೆ ಬಂದವನು, ಅಂದರೆ ಡಾರತಿಯ ಮೂಲಪುರುಷ. ಬುಟ್ಟಿ ಯಾರದು ಎಂದು ಮನೆಯವರಲ್ಲಿ ಹಿಂದಿನಿಂದ ವಾದವಿತ್ತು. ಅವಳು ಅದನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದು, ಬೇಕಾದರೆ ಎತ್ತಿ ನೋಡಿ ಎಂದಳು. ಮೀರಾ ಸ್ಕೂಟರ್ ತಳ್ಳಿಕೊಂಡು ಅಲ್ಲೇ ಸುತ್ತುತ್ತಿದ್ದಳು. ನಾನು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಬಿದಿರಲ್ಲ, ಅವರ ನಾಡಿನ ವಿಲ್ಲೋ ಗಿಡದ ಕಡ್ಡಿ. ಆದರೆ ಕಡ್ಡಿಗೂ ಬುಡವಿದೆ, ತುದಿಯಿದೆ. ದಪ್ಪ ಬುಡದಿಂದ ಹೊರಟು ಸಣ್ಣ ತುದಿಯಲ್ಲಿ ಮುಗಿಯುತ್ತದೆ. ಹೆಬ್ಬೆರಳು ತಾನಾಗಿ ಸುತ್ತು ಹೊರಟಿತು. ಬುಡ ಬಲಕ್ಕೆ ಸಿಕ್ಕಿತು, ತುದಿ ಎಡಕ್ಕೆ. ನಾನು ರಸ್ತೆಯ ಕಡೆ ನೋಡುತ್ತಿದ್ದೆ ಎಂದು ಆಮೇಲೆ ಮೀರಾ ಹೇಳಿದಳು.

"ಇದನ್ನು ಹೆಣೆದವನು ಎಡಚ," ಎಂದೆ.

ಡಾರತಿ ಕುರ್ಚಿಯಿಂದ ಎದ್ದೇಬಿಟ್ಟಳು. ಕಾಗದಗಳ ರಾಶಿಯನ್ನು ಕೆದಕಿ, ವಿಲಿಯಂನ ತಾಯಿ ಬರೆದ ಪತ್ರದ ನಕಲು ತೆಗೆದು ಒಂದು ಸಾಲು ಗಟ್ಟಿಯಾಗಿ ಓದಿದಳು: ನನ್ನ ವಿಲಿಯಂ ಎಲ್ಲವನ್ನೂ ತಪ್ಪು ಕೈಯಿಂದಲೇ ಮಾಡುತ್ತಾನೆ, ಆ ಪರದೇಶದಲ್ಲಿ ಅವನನ್ನು ಯಾರು ಸಹಿಸುತ್ತಾರೋ. ಓದುತ್ತಿದ್ದಂತೆ ಅವಳ ಮಾಸ್ಕು ಕಣ್ಣೀರಿನಿಂದ ಒದ್ದೆಯಾಯಿತು. ಆಮೇಲೆ ಕೇಳಿದಳು, "ಟಿಂಬರ್ ವ್ಯಾಪಾರಿಯ ಮಗನಿಗೆ ಇದು ಹೇಗೆ ಗೊತ್ತು?"

"ಹೌದು ತಾತ, ಹೌ ಡು ಯು ನೋ?" ಎಂದಳು ಮೀರಾ. ಸ್ಕೂಟರಿನ ಹಿಡಿಯ ಮೇಲೆ ಅವಳ ಎಡಗೈ ಇತ್ತು.

"ನನ್ನ ಅಕ್ಕ ಎಡಚಿ," ಎಂದೆ. ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು.

ರಾತ್ರಿಯ ಊಟಕ್ಕೆ ಕೂತ ಕೂಡಲೇ ಮೀರಾ ಶುರು ಮಾಡಿದಳು. "ಮಮ್ಮಿ, ಗೆಸ್ ವಾಟ್! ತಾತಂಗೆ ಸಿಸ್ಟರ್ ಇದಾರೆ. ಲೆಫ್ಟಿ, ಲೈಕ್ ಮಿ!"

ಸುಧಾ ಸೌಟು ಹಿಡಿದು ನಿಂತಳು. "ಏನಪ್ಪಾ ಇದು? ನಿಮಗೆ ಯಾರೂ ಇರ್ಲಿಲ್ಲ ಅಂತ ತಾನೆ ಹೇಳಿದ್ದು?"

ಹೇಳಿದೆ. ಬಿದಿರು ಮಲಗುತ್ತಿದ್ದ ಕೋಣೆಯಿಂದ ಬಸ್ಸಿನ ಸೀಟಿನವರೆಗೆ ಎಲ್ಲವನ್ನೂ ಹೇಳಿದೆ. ಸಾರು ಆರಿಹೋಯಿತು. ಸುಧಾ ಒಂದೇ ಪ್ರಶ್ನೆ ಕೇಳಿದಳು.

"ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ."

ಅವಳು ಎದ್ದು ಹೋಗಿ ಸಿಂಕಿನ ನಲ್ಲಿ ಬಿಟ್ಟಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ನನಗೆ ಬೈಗುಳ ಬೇಕಾಗಿತ್ತು, ಅದು ಬರಲಿಲ್ಲ. ಬೆನ್ನು ತಿರುಗಿಸಿಯೇ ಹೇಳಿದಳು:

"ನನ್ನ ಮದುವೇಲೂ ಟಿಂಬರ್ ಅಂದ್ರಲ್ಲ ಅಪ್ಪ. ಬಿದಿರು ಹುಲ್ಲಿನ ಜಾತಿ. ಟಿಂಬರ್ ಅಲ್ವೇ ಅಲ್ಲ. ಸುಳ್ಳು ಹೇಳೋವಾಗ್ಲಾದ್ರೂ ಬಾಟನಿ ಸರಿ ಇರ್ಬೇಕು ತಾನೆ?"

ಅವಳ ಭುಜ ಅಲುಗುತ್ತಿತ್ತು. ನಗುವೋ ಅಳುವೋ ಎಂದು ನೋಡಲು ಹತ್ತಿರ ಹೋದೆ. ಎರಡೂ ಇತ್ತು. ನನಗೂ ಹಾಗೇ ಆಯಿತು. ಅಂದು ಎದೆಯ ಮೇಲಿನಿಂದ ಯಾರೋ ಎದ್ದುಹೋದಂತೆ ನಿದ್ದೆ ಮಾಡಿದೆ.

ಅಕ್ಕನನ್ನು ಹುಡುಕಿದ್ದು ಸುಧಾ. ಫೋನಿನ ನಕ್ಷೆಯಲ್ಲಿ ನಮ್ಮ ಊರು ತೆಗೆದು, ಮೇದರ ಬೀದಿಯಲ್ಲಿ ಒಂದು ಅಂಗಡಿಯ ಫೋಟೊ ಕಂಡು, ಬೋರ್ಡಿನ ಮೇಲಿದ್ದ ನಂಬರಿಗೆ ಕರೆ ಮಾಡಿದಳು. ಎತ್ತಿಕೊಂಡವನು ಅಕ್ಕನ ಮಗ. ಭಾನುವಾರ ಬೆಳಿಗ್ಗೆ, ಅಲ್ಲಿ ಸಂಜೆ, ವಿಡಿಯೊದಲ್ಲಿ ಕೂರಿಸುತ್ತೇನೆ ಎಂದ. ಅವಳು ಮುಖ ತಿರುಗಿಸಿ ಎದ್ದುಹೋದರೆ ಏನು ಗತಿ ಎಂದು ನಾನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ತೆರೆಯ ಮೇಲೆ ಮೊದಲು ಕಂಡದ್ದು ಒಂದು ಕಿವಿ. ಫೋನನ್ನು ಕಿವಿಗೆ ಹಿಡಿದುಕೊಂಡಿದ್ದಳು.

"ಯಾರು?"

"ನಾನು ಅಕ್ಕ, ಮಹದೇವ."

"ಯಾವ ಮಹದೇವ? ಈ ಊರ್ ತುಂಬ ಮಹದೇವ್ರೇ ಇರಾದು."

"ನಿನ್ ತಮ್ಮ."

ಮಗ ಫೋನನ್ನು ತಿರುಗಿಸಿದ. ಹಣೆಯ ತುಂಬ ವಿಭೂತಿ, ಬೆಳ್ಳಗಾದ ತಲೆ, ಮಡಿಲಲ್ಲಿ ಅರ್ಧ ಹೆಣೆದ ಮೊರ. ಫೋನಿಗೆ ಮುಖ ಹತ್ತಿರ ತಂದು ನೋಡಿದಳು.

"ಸತ್ತೋಗಿದ್ದೀಯ ಅನ್ಕಂಡಿದ್ದೆ ಕನ್ಲಾ. ತಿಥಿ ಒಂದ್ ಮಾಡ್ನಿಲ್ಲ ಅಷ್ಟೆ."

ಸುಧಾ ನನ್ನ ಬೆನ್ನ ಹಿಂದೆ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ಕಾಗದಗಳ ವಿಷಯ ಹೇಳಿದೆ, ಟಿಂಬರಿನ ವಿಷಯ ಹೇಳಿದೆ. ಅವಳು ಹೂಂಗುಟ್ಟುತ್ತ ಮೊರದ ಅಂಚು ಕಟ್ಟುತ್ತಿದ್ದಳು. ಕೊನೆಗೆ ತಾನಾಗಿಯೇ ಕೇಳಿದಳು.

"ಆ ಮುಚ್ಚುಳದ ಬುಟ್ಟಿ ಅದೇನ್ಲಾ?"

ಕಳೆದುಹೋಯಿತು ಎನ್ನಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ.

"ಬಸ್ಸಲ್ಲಿ ಬಿಟ್ಟೆ ಅಕ್ಕ. ಮರೆತು ಅಲ್ಲ. ಬೇಕಂತ ಬಿಟ್ಟೆ. ನಾಚ್ಕೆ ಆಯ್ತು."

ಅವಳ ಕೈ ನಿಂತಿತು. ಅವಳ ಹಿಂದೆ ಬೀದಿಯಲ್ಲಿ ಒಂದು ಬೈಕು ಹೋದ ಸದ್ದು ಮೇರಿಲ್ಯಾಂಡಿನ ಅಡುಗೆಮನೆಯಲ್ಲಿ ಕೇಳಿಸಿತು.

"ಎಲ್ಲಾರ ಯಾರಾರ ಎತ್ಕಂಡೋಗಿ ಬಳಸಿರ್ತರೆ ಬುಡು," ಎಂದಳು. "ಬ್ಯಾಗ ಹಾಳಾಗೋ ಬುಟ್ಟಿ ಅಲ್ಲ ಅದು. ನಾನ್ ಮಾಡಿದ್ದು."

ಆಮೇಲೆ ಮತ್ತೆ ಹೆಣೆಯತೊಡಗಿದಳು. ಎಡಕ್ಕೆ.

ಅಲ್ಲಿಂದೀಚೆಗೆ ಡಾರತಿ ನಮ್ಮ ವಂಶದ ಚರಿತ್ರೆಗೂ ಕೈ ಹಾಕಿದ್ದಾಳೆ. ನಮಗೆ ಚರ್ಚಿನ ದಾಖಲೆಗಳಿಲ್ಲ, ಅಕ್ಕನ ಬಾಯಿದೆ. ಅವಳು ಹಿರಿಯರನ್ನು ಅವರು ಮಾಡಿದ ಸಾಮಾನಿನಿಂದ ನೆನೆಯುತ್ತಾಳೆ: ತೊಟ್ಟಿಲು ಸಿದ್ದಯ್ಯ, ಕಣಜದ ದೊಡ್ಡಮಾದಯ್ಯ, ಮೊರದ ನಂಜವ್ವ. ಮೀರಾ ಅದನ್ನು ದೊಡ್ಡ ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ. ಡಾರತಿಯ ಪಾದ್ರಿಯ ಹಾಗೆ, ಮಾತಾಡದವರ ಸಾಲಿನಲ್ಲಿ, ನನ್ನ ಹೆಸರನ್ನೂ ಬರೆ ಎಂದೆ. "ನೋ ತಾತ, ನೀನು ಈಗ ಮಾತಾಡ್ದೆಯಲ್ಲ," ಎಂದಳು.

ಒಂದು ಬೆಳಿಗ್ಗೆ ಡಾರತಿ ನೆನೆಸಿದ ವಿಲ್ಲೋ ಕಡ್ಡಿಗಳ ಕಟ್ಟು ತಂದಿಟ್ಟಳು. ಮೀರಾಳಿಗೆ ಬುಟ್ಟಿ ಮಾಡುವ ಆಸೆ. ನಾನು ತಳ ಕಟ್ಟಿಕೊಟ್ಟೆ. ಅವಳು ಕಡ್ಡಿ ಹಿಡಿದ ತಕ್ಷಣ ಅದು ಎಡಕ್ಕೆ ಹೊರಟಿತು. ನಾನು ಅವಳ ಮೊಣಕೈ ಹಿಡಿದು ಬಲಕ್ಕೆ ತಿರುಗಿಸಲು ಹೋದೆ. ಡಾರತಿಯ ಟೀ ಮಗ್ಗಿಗೆ ಒರಗಿಸಿದ್ದ ಫೋನಿನಿಂದ ಅಕ್ಕ ಕೂಗಿದಳು.

"ಆ ಮಗೀನ ತಿರುಗಿಸ್ಬ್ಯಾಡ ಕನ್ಲಾ. ನೀನ್ ತಿರುಕ್ಕೋ."

ತಿರುಗಿಕೊಂಡೆ. ಮೀರಾಳ ಪಕ್ಕದಲ್ಲಿ ಕೂತು, ಕಡ್ಡಿಯನ್ನು ಎಡಗೈಗೆ ಕೊಟ್ಟು, ಜೀವನದಲ್ಲಿ ಮೊದಲ ಸಲ ಬಲದಿಂದ ಎಡಕ್ಕೆ ಹೆಣೆದು ತೋರಿಸಿದೆ. ಬೆರಳು ನನ್ನ ಮಾತು ಕೇಳಲಿಲ್ಲ. ಒಂದು ಸುತ್ತಿಗೆ ಅರ್ಧ ಗಂಟೆ ಹಿಡಿಯಿತು, ಹೆಬ್ಬೆರಳಿನ ಪಕ್ಕದಲ್ಲಿ ಸಣ್ಣಗೆ ರಕ್ತ ಜಿನುಗಿತು. ಅಕ್ಕ ತನ್ನದಲ್ಲದ ಕೈಯಿಂದ ಮೂರು ವರ್ಷ ದಿನಕ್ಕೆ ಎರಡು ಬುಟ್ಟಿ ಹೆಣೆದಿದ್ದಳು. ಫೋನಿನಲ್ಲಿ ಅಕ್ಕನ ಕೈ, ಪಕ್ಕದಲ್ಲಿ ಮೀರಾಳ ಕೈ, ನಡುವೆ ನನ್ನ ಕೈ, ಎಲ್ಲವೂ ಒಂದೇ ಕಡೆಗೆ ಓಡುತ್ತಿದ್ದವು. ನನ್ನದು ಮಾತ್ರ ತಡವರಿಸುತ್ತಿತ್ತು. ಅಕ್ಕ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಂದು ಸಂಜೆ ಮೀರಾ ಎಡಗೈಯಲ್ಲಿ ಅನ್ನ ಕಲಸಿಕೊಂಡು, ರೂಢಿಯಂತೆ ಒಮ್ಮೆ ನನ್ನ ಮುಖ ನೋಡಿದಳು. ನಾನು ಎದ್ದು ಹೋಗಿ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.